ದಟ್ಟಣೆಯಲ್ಲಿ ಬೈಕ್: ಎರಡು ಸೆಕೆಂಡು ಕೈಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. 60ರಲ್ಲಿದ್ದರೆ ಸುಮಾರು 17 ಮೀಟರ್. ಎದುರಿಗೆ ಏನೋ ಅಡ್ಡ ಬಂತು ಎಂದು ಕಣ್ಣಿಗೆ ಬಿದ್ದು, ಬೆರಳು ಬ್ರೇಕ್ ಹಿಡಿಯುವ ಹೊತ್ತಿಗೆ ಒಂದು ಸೆಕೆಂಡು ಹೋಗಿರುತ್ತದೆ. ಒಣ ಡಾಂಬರು, ಒಳ್ಳೆಯ ಟೈರ್, ಪಳಗಿದ ಕೈ ಎಂದೇ ಇಟ್ಟುಕೊಳ್ಳಿ: 40ರಲ್ಲಿರುವ ಬೈಕ್ ಅಲ್ಲಿಂದ ಇನ್ನೂ ಹತ್ತು ಮೀಟರ್ ಜರುಗಿ ನಿಲ್ಲುತ್ತದೆ. ಒಟ್ಟು 21 ಮೀಟರ್.

ಈಗ ಅದೇ ಜಾಗದಲ್ಲಿ, ಅದೇ ಅಡೆತಡೆಯ ಮುಂದೆ, 60ರಲ್ಲಿ ಬರುವ ಬೈಕನ್ನು ಇಡಿ. ಸವಾರ ಬ್ರೇಕ್ ಹಿಡಿಯುವಷ್ಟರಲ್ಲೇ 17 ಮೀಟರ್ ಮುಗಿದಿದೆ. ಉಳಿದದ್ದು ನಾಲ್ಕೈದು ಮೀಟರ್. ಮೊದಲ ಬೈಕ್ ಪೂರ್ತಿ ನಿಂತ ಜಾಗದಲ್ಲಿ ಇವನು ಗಂಟೆಗೆ ಸುಮಾರು 53 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಯುತ್ತಾನೆ. ವೇಗದ ಅಂತರ ಬರೀ ಇಪ್ಪತ್ತು, ಪರಿಣಾಮದ ಅಂತರ ಬದುಕು ಸಾವಿನದು.

ಲಾಭವೆಷ್ಟು ಎಂಬುದನ್ನೂ ನೋಡಿಬಿಡೋಣ. ಐದು ಕಿ.ಮೀ. ದಾರಿಯನ್ನು ಎಲ್ಲೂ ನಿಲ್ಲದೆ 40ರಲ್ಲಿ ಹೋದರೆ ಏಳೂವರೆ ನಿಮಿಷ, 60ರಲ್ಲಿ ಹೋದರೆ ಐದು ನಿಮಿಷ. ಉಳಿಯುವುದು ಎರಡೂವರೆ ನಿಮಿಷ. ನಡುವೆ ಒಂದೆರಡು ಕೆಂಪು ದೀಪ ಸಿಕ್ಕರೆ ಅದೂ ಕರಗುತ್ತದೆ. ನುಗ್ಗಿ ಬಂದವನೂ ನಿಧಾನವಾಗಿ ಬಂದವನೂ ಒಂದೇ ಸಿಗ್ನಲ್‌ನಲ್ಲಿ ಅಕ್ಕಪಕ್ಕ ನಿಂತಿರುವುದು ದಿನವೂ ಕಾಣುವ ದೃಶ್ಯ.

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಹಳೆಯದಾದರೂ ಇವತ್ತಿಗೂ ಅದನ್ನು ಓದಬೇಕು. ಅಪಾಯ ಶುರುವಾದ ಮೇಲೆ ತಪ್ಪಿಸಿಕೊಳ್ಳಲು ಸವಾರನಿಗೆ ಸಾಮಾನ್ಯವಾಗಿ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಆ ಹೊತ್ತಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಜೋರಾಗಿ ತುಳಿದು ಚಕ್ರ ಜಾರಿಸಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿದಿರಲಿಲ್ಲ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಕಲೆ ಬಹುತೇಕ ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಮುಂದಿನ ಎಲ್ಲ ಹಂತಗಳ ಉದ್ದೇಶ ಒಂದೇ: ಆ ಎರಡು ಸೆಕೆಂಡನ್ನು ಮೊದಲೇ ಕೂಡಿಟ್ಟುಕೊಳ್ಳುವುದು, ಬೇಕಾದಾಗ ಸರಿಯಾಗಿ ಬಳಸುವುದು.

ಹೊರಡುವ ಮುನ್ನ

ಟೈರ್ ತಣ್ಣಗಿರುವಾಗ ವಾರಕ್ಕೊಮ್ಮೆ ಗಾಳಿ ನೋಡಿ. ಓಡಿ ಬಿಸಿಯಾದ ಟೈರ್‌ನಲ್ಲಿ ಒತ್ತಡ ಹೆಚ್ಚು ತೋರುತ್ತದೆ, ಆ ಅಳತೆ ನಂಬಿದರೆ ಗಾಳಿ ಕಡಿಮೆಯೇ ಉಳಿಯುತ್ತದೆ. ಎಷ್ಟಿರಬೇಕು ಎಂಬುದು ಬೈಕಿನ ಕೈಪಿಡಿಯಲ್ಲಿರುತ್ತದೆ, ಹಿಂದೆ ಒಬ್ಬರು ಕೂರುವುದಾದರೆ ಬೇರೆ ಅಂಕಿ ಇರುತ್ತದೆ. ಒಂದೊಂದು ಟೈರ್ ನೆಲಕ್ಕೆ ತಾಗುವುದು ಅಂಗೈ ಅಗಲದಷ್ಟೇ ಜಾಗದಲ್ಲಿ, ಹಿಡಿತವೆಲ್ಲ ಅಲ್ಲಿಂದಲೇ ಬರಬೇಕು. ಟೈರ್‌ನ ಗೆರೆಗಳ ನಡುವಿನ ಸವೆತದ ಗುರುತು ಮೇಲ್ಮಟ್ಟಕ್ಕೆ ಬಂದಿದ್ದರೆ ಬದಲಿಸಿ. ಬ್ರೇಕ್ ಲಿವರ್ ಹಿಡಿದಾಗ ಮೆತ್ತಗೆ ಸ್ಪಂಜಿನಂತೆ ಒಳಹೋದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದರ್ಥ. ಬ್ರೇಕ್ ಆಯಿಲ್ ತೇವ ಹೀರುವ ಗುಣದ್ದು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಿಂದಿನ ಬ್ರೇಕ್ ದೀಪ ಮುಂದಿನ ಲಿವರ್‌ಗೂ ಹಿಂದಿನ ಪೆಡಲ್‌ಗೂ ಉರಿಯುತ್ತಿದೆಯೇ ಎಂದು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ.

ಹೆಲ್ಮೆಟ್ ವಿಷಯದಲ್ಲಿ ಹೆಚ್ಚು ಜನ ಎಡವುವುದು ಅಳತೆಯಲ್ಲಿ ಮತ್ತು ಪಟ್ಟಿಯಲ್ಲಿ. ಹಾಕಿಕೊಂಡು ಪಟ್ಟಿ ಬಿಗಿದ ಮೇಲೆ ಹಿಂಭಾಗವನ್ನು ಹಿಡಿದು ಮುಂದಕ್ಕೆ ಉರುಳಿಸಿ ಕಳಚಲು ಯತ್ನಿಸಿ. ಕಳಚಿ ಬಂದರೆ ಅಪಘಾತದಲ್ಲೂ ಕಳಚುತ್ತದೆ. ಗಲ್ಲದ ಪಟ್ಟಿಯ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಸಡಿಲ ಇರಬಾರದು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಪದರ ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗುತ್ತದೆ, ಮತ್ತೆ ಉಬ್ಬಿ ಮೊದಲಿನಂತಾಗುವುದಿಲ್ಲ. ಒಮ್ಮೆ ಜೋರಾದ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿದಿದೆ. ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು 42%, ತಲೆಯ ಗಾಯದ ಸಂಭವವನ್ನು ಸುಮಾರು 69% ಇಳಿಸುತ್ತದೆ. ಕೈಗೆ ಸಿಕ್ಕಿಸಿಕೊಂಡ ಹೆಲ್ಮೆಟ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಮುಂದಿನ ಗಾಡಿಯಿಂದ ಅಂತರ

ಮುಂದಿನ ವಾಹನ ಒಂದು ಕಂಬವನ್ನೋ ಫಲಕವನ್ನೋ ದಾಟಿದ ಕೂಡಲೇ ಮನಸ್ಸಿನಲ್ಲಿ ‘ಸಾವಿರದ ಒಂದು, ಸಾವಿರದ ಎರಡು’ ಎನ್ನಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬ ತಲುಪಿದರೆ ಅಂತರ ಸಾಲದು. ಮಳೆಯಲ್ಲಿ ನಾಲ್ಕರವರೆಗೆ ಎಣಿಸಿ. ಮೀಟರ್ ಲೆಕ್ಕಕ್ಕಿಂತ ಇದು ಒಳ್ಳೆಯದು, ವೇಗ ಹೆಚ್ಚಿದಂತೆ ಅಂತರವೂ ತಾನಾಗಿ ಹೆಚ್ಚುತ್ತದೆ.

‘ಅಷ್ಟು ಜಾಗ ಬಿಟ್ಟರೆ ಇನ್ಯಾರೋ ನುಗ್ಗುತ್ತಾರಲ್ಲ’ ಎಂಬ ಮಾತು ಬಂದೇ ಬರುತ್ತದೆ. ನುಗ್ಗುತ್ತಾರೆ, ನಿಜ. ಆಗ ಆಕ್ಸಿಲರೇಟರ್ ತುಸು ಸಡಿಲಿಸಿ ಮತ್ತೆ ಅಂತರ ಮಾಡಿಕೊಳ್ಳಿ. ಹಾಗೆ ಒಂದು ವಾಹನ ಒಳಬಂದರೆ ನಿಮಗಾಗುವ ನಷ್ಟ ಎರಡು ಸೆಕೆಂಡು. ಹತ್ತು ವಾಹನ ನುಗ್ಗಿದರೂ ಇಪ್ಪತ್ತೇ ಸೆಕೆಂಡು.

ಕಾರಿನ ಹಿಂದೆ ಹೋಗುವಾಗ ಅದರ ನಟ್ಟನಡುವಿನ ಸಾಲಿನಲ್ಲಿ ಇರಬೇಡಿ. ಕಾರಿನ ಎರಡು ಚಕ್ರಗಳ ನಡುವೆ ಸರಾಗವಾಗಿ ಹಾದುಹೋಗುವ ಗುಂಡಿ ನಿಮ್ಮ ಮುಂದಿನ ಚಕ್ರಕ್ಕೆ ಏಕಾಏಕಿ ಎದುರಾಗುತ್ತದೆ. ಸಿಗ್ನಲ್ ಬಳಿ ಎಂಜಿನ್ ಆಯಿಲ್ ತೊಟ್ಟಿಕ್ಕುವುದೂ ಅದೇ ನಡುಪಟ್ಟಿಯಲ್ಲಿ. ಕಾರಿನ ಒಂದು ಬದಿಯ ಚಕ್ರದ ಜಾಡಿನಲ್ಲಿ ಸಾಗಿದರೆ ಮುಂದಿನ ರಸ್ತೆಯೂ ಕಾಣುತ್ತದೆ, ಚಾಲಕನ ಕನ್ನಡಿಯಲ್ಲಿ ನೀವೂ ಕಾಣುತ್ತೀರಿ.

ಅಡ್ಡರಸ್ತೆ ಕಂಡಾಗ

ಹರ್ಟ್ ವರದಿಯಲ್ಲಿ ಬೈಕಿಗೆ ಬೇರೊಂದು ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರನೇ ಎರಡರಷ್ಟು ಕಡೆ ಬೈಕಿನ ದಾರಿಗೆ ಅಡ್ಡಬಂದದ್ದು ಆ ಇನ್ನೊಂದು ವಾಹನ. ಇದನ್ನು ಓದಿ ‘ತಪ್ಪು ಅವರದೇ’ ಎಂದು ಸಮಾಧಾನಪಟ್ಟುಕೊಳ್ಳುವ ಸವಾರರಿದ್ದಾರೆ. ತಪ್ಪು ಯಾರದ್ದಾದರೂ ಮೂಳೆ ಮುರಿಯುವುದು ಸವಾರನದು. ಬೈಕ್ ಏಕೆ ಕಾಣುವುದಿಲ್ಲ ಎಂದು ತಿಳಿದರೆ ಬಚಾವಾಗುವುದು ಸುಲಭ. ಅದರ ಮುಂಭಾಗ ಕಿರಿದು, ಕಾರಿನ ಗಾಜಿನ ಪಕ್ಕದ ಕಂಬದ ಹಿಂದೆಯೇ ಪೂರ್ತಿ ಮರೆಯಾಗಬಲ್ಲದು. ಕಂಡರೂ, ಚಿಕ್ಕದಾಗಿ ಕಾಣುವ ವಸ್ತು ಇನ್ನೂ ದೂರವಿದೆ, ತಡವಾಗಿ ಬರುತ್ತದೆ ಎಂದೇ ಮನುಷ್ಯನ ಕಣ್ಣು ಅಂದಾಜಿಸುತ್ತದೆ. ಜೋರಾಗಿ ಬರುವ ಬೈಕ್ ವಿಷಯದಲ್ಲಿ ಈ ಅಂದಾಜು ಇನ್ನಷ್ಟು ತಪ್ಪುತ್ತದೆ.

ಹಾಗಾಗಿ ಅಡ್ಡರಸ್ತೆ, ತಿರುಗಲು ಕಾದಿರುವ ವಾಹನ, ನೋಟಕ್ಕೆ ಅಡ್ಡವಾಗಿ ನಿಂತ ಬಸ್ ಇವುಗಳಲ್ಲಿ ಯಾವುದು ಕಂಡರೂ ಮೊದಲು ಆಕ್ಸಿಲರೇಟರ್ ಬಿಡಿ. ಎರಡು ಬೆರಳು ಮುಂದಿನ ಬ್ರೇಕ್ ಲಿವರ್ ಮೇಲಿರಲಿ, ಪಾದ ಪೆಡಲ್ ಮೇಲಿರಲಿ. ಇದರಿಂದ ಕಾಲು ಸೆಕೆಂಡು ಉಳಿದರೂ 40ರ ವೇಗದಲ್ಲಿ ಸುಮಾರು ಮೂರು ಮೀಟರ್ ಉಳಿದಂತೆ. ನಿಮ್ಮ ಲೇನ್‌ನೊಳಗೇ ತುಸು ಪಕ್ಕಕ್ಕೆ ಸರಿಯಿರಿ. ಅಡ್ಡಡ್ಡ ಚಲಿಸುವ ವಸ್ತು ಬೇಗ ಕಣ್ಣಿಗೆ ಬೀಳುತ್ತದೆ. ಆ ಚಾಲಕ ನಿಮ್ಮನ್ನು ನೋಡಿದ ಎಂಬುದನ್ನು ನಂಬಿ ಕೂರಬೇಡಿ. ನೋಡುತ್ತಿರುವಂತೆ ಕಂಡರೂ ಗಮನ ಬೇರೆಡೆ ಇರಬಹುದು. ಮುಖದ ಬದಲು ಆ ಕಾರಿನ ಮುಂದಿನ ಚಕ್ರ ನೋಡಿ, ಗಾಡಿ ಹೊರಟಿತು ಎಂಬುದು ಮೊದಲು ತಿಳಿಯುವುದು ಚಕ್ರದ ತಿರುಗುವಿಕೆಯಲ್ಲೇ.

ವಿರುದ್ಧ ದಿಕ್ಕಿನಲ್ಲಿ ಬರುವವರು ಈ ಎಲ್ಲ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ. ಅಡ್ಡರಸ್ತೆಯಿಂದ ಬಂದು ಸೇರುವ ಚಾಲಕ ವಾಹನಗಳು ಬರಬೇಕಾದ ದಿಕ್ಕನ್ನಷ್ಟೇ ನೋಡಿ ತಿರುಗುತ್ತಾನೆ. ರಸ್ತೆ ದಾಟುವವರೂ ಅಷ್ಟೇ. ‘ಸ್ವಲ್ಪವೇ ದೂರ’ ಎಂದು ಹೋಗುವ ಆ ನೂರು ಮೀಟರ್‌ನಲ್ಲಿ ನಿಮ್ಮತ್ತ ಯಾರ ಕಣ್ಣೂ ಇರುವುದಿಲ್ಲ.

ವಾಹನಗಳ ನಡುವೆ ತೂರುವುದು

ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರಲ್ಲಿ ಅನುಮತಿ ಕೊಟ್ಟಾಗ ಬೈಕಿನ ವೇಗ ಗಂಟೆಗೆ 30 ಕಿ.ಮೀ. ಮೀರಬಾರದು ಎಂದು ಮಿತಿ ಹಾಕಿತು. ಒಪ್ಪಿಗೆ ಇರುವ ಕಡೆಯೂ, ನಿಂತಿರುವ ಅಥವಾ ತೆವಳುತ್ತಿರುವ ವಾಹನಗಳ ನಡುವೆ ಮಾತ್ರ, ಅವುಗಳಿಗಿಂತ 15 ಕಿ.ಮೀ.ಗಿಂತ ಹೆಚ್ಚು ವೇಗ ಇಲ್ಲದಂತೆ ಸಾಗಿ. ಪಕ್ಕದ ಲೇನ್ ಖಾಲಿಯಾಗಿ ಈ ಲೇನ್ ನಿಂತಿದ್ದರೆ ಯಾವ ಕಾರಾದರೂ ಥಟ್ಟನೆ ಅತ್ತ ತಿರುಗುತ್ತದೆ ಎಂದೇ ತಿಳಿಯಿರಿ. ನಿಂತ ವಾಹನದ ಬಾಗಿಲು ತೆರೆದರೆ ಒಂದು ಮೀಟರ್‌ನಷ್ಟು ಜಾಗ ಹಿಡಿಯುತ್ತದೆ.

ಬಸ್ ಮತ್ತು ಲಾರಿಗಳ ಬಳಿ ಮಾತ್ರ ಈ ಲೆಕ್ಕವೇ ಬೇಡ. ಇಲ್ಲಿ ಸಾಯುವವರು ಹೆಚ್ಚಾಗಿ ವೇಗದಿಂದ ಸಾಯುವುದಿಲ್ಲ, ಒಂದು ತಿಳಿವಳಿಕೆ ಇಲ್ಲದೆ ಸಾಯುತ್ತಾರೆ. ಉದ್ದನೆಯ ವಾಹನ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಅದಕ್ಕೇ ಚಾಲಕ ತಿರುವಿಗೆ ಮೊದಲು ಹೊರಬದಿಗೆ ಸರಿದು ಅಗಲ ತೆಗೆದುಕೊಳ್ಳುತ್ತಾನೆ. ಒಳಬದಿಯಲ್ಲಿ ಆಗ ತೆರೆದುಕೊಳ್ಳುವ ಜಾಗ ದಾರಿಯಂತೆ ಕಾಣುತ್ತದೆ. ಬೈಕ್ ಅದರೊಳಗೆ ತೂರುತ್ತದೆ, ಲಾರಿ ತಿರುಗುತ್ತದೆ, ಆ ಜಾಗ ಮುಚ್ಚಿಕೊಳ್ಳುತ್ತದೆ. ಚಾಲಕನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ನೀವು ಅವನಿಗೆ ಕಾಣುತ್ತಿಲ್ಲ. ಲಾರಿಯ ಮೂತಿಯ ಕೆಳಗೆ, ಅದರ ಬೆನ್ನಿಗೆ ಅಂಟಿಕೊಂಡ ಜಾಗದಲ್ಲಿ, ಎರಡೂ ಪಕ್ಕೆಗಳ ಉದ್ದಕ್ಕೆ ಅವನಿಗೆ ಕುರುಡು. ಹಿಂದೆ ದೂರದಲ್ಲಿ ಇರಿ, ಇಲ್ಲವೇ ಜಾಗ ಖಚಿತವಾದಾಗ ಪೂರ್ತಿ ದಾಟಿ ಮುಂದೆ ಹೋಗಿ. ಪಕ್ಕದಲ್ಲಿ ಉಳಿಯಬೇಡಿ.

ಲೇನ್ ಬದಲಿಸುವಾಗ ಕ್ರಮ ತಪ್ಪಬಾರದು: ಕನ್ನಡಿ, ಇಂಡಿಕೇಟರ್, ಭುಜದ ಮೇಲಿಂದ ಒಂದು ನೋಟ, ಆಮೇಲೆ ಚಲನೆ. ಇಂಡಿಕೇಟರ್ ಹಾಕಿದ ಮೇಲೆ ಮೂರು ಸೆಕೆಂಡಾದರೂ ಕಾಯಿರಿ. ಅಂಕುಡೊಂಕಾಗಿ ಕಟ್ ಹೊಡೆಯುತ್ತ ಹೋಗುವುದರ ದೊಡ್ಡ ತೊಂದರೆ ಇತರರಿಗೆ ಗಾಬರಿಯಾಗುವುದಷ್ಟೇ ಅಲ್ಲ. ಟೈರ್‌ನ ಹಿಡಿತಕ್ಕೆ ಒಂದು ಮಿತಿಯಿದೆ. ಬೈಕ್ ವಾಲಿದಾಗ ಅದರ ಒಂದು ಪಾಲು ತಿರುಗಲು ಖರ್ಚಾಗುತ್ತದೆ, ಉಳಿದದ್ದು ಮಾತ್ರ ಬ್ರೇಕಿಗೆ. ವಾಲಿದ ಸ್ಥಿತಿಯಲ್ಲಿ ಗಾಬರಿಯಿಂದ ಬ್ರೇಕ್ ಹಿಡಿದವನ ಮುಂದಿನ ಚಕ್ರ ಜಾರುವುದು ಇದಕ್ಕೇ. ವೀಲಿಂಗ್ ಮಾಡುವವನಿಗಂತೂ ಮುಂದಿನ ಬ್ರೇಕೂ ಇಲ್ಲ, ಹ್ಯಾಂಡಲೂ ಇಲ್ಲ, ಎರಡೂ ಗಾಳಿಯಲ್ಲಿವೆ.

ಸಿಗ್ನಲ್‌ನಲ್ಲಿ

ನಿಲ್ಲುವಾಗ ಮುಂದಿನ ವಾಹನಕ್ಕೆ ಅಂಟಿ ನಿಲ್ಲದೆ ತುಸು ಪಕ್ಕಕ್ಕೆ ಜಾಗ ಉಳಿಸಿಕೊಳ್ಳಿ. ಹಿಂದೆ ಒಂದು ವಾಹನ ಬಂದು ನಿಲ್ಲುವವರೆಗೆ ಗೇರ್ ಒಂದರಲ್ಲೇ ಇರಲಿ, ಕಣ್ಣು ಕನ್ನಡಿಯಲ್ಲಿರಲಿ, ಬ್ರೇಕ್ ದೀಪವನ್ನು ಎರಡು ಮೂರು ಸಲ ಮಿನುಗಿಸಿ. ಹಸಿರು ಬಂದ ತಕ್ಷಣ ಚಿಮ್ಮಬೇಡಿ. ಅಡ್ಡದಾರಿಯಲ್ಲಿ ಕೆಂಪು ಬಿದ್ದ ಮೇಲೂ ನುಗ್ಗಿ ಬರುವವನು ಆ ಮೊದಲ ಎರಡು ಸೆಕೆಂಡಿನಲ್ಲೇ ಬರುತ್ತಾನೆ. ಫೋನ್ ಜೇಬಿನಲ್ಲಿರಲಿ, 40ರಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ 22 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದಂತೆ.

ತುರ್ತು ಬ್ರೇಕ್: ಕೈಗೆ ಕಲಿಸುವ ಕ್ರಮ

ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಾಗಾಗಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು, ಸುಮಾರು 70%, ಮುಂದಿನ ಚಕ್ರದ್ದು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಬೀಳಿಸುವುದು ಆ ಬ್ರೇಕಲ್ಲ, ಭಾರ ಮುಂದೆ ಬರುವ ಮೊದಲೇ ಅದನ್ನು ಗಪ್ಪನೆ ಹಿಡಿಯುವುದು. ಮೊದಲು ಬೈಕನ್ನು ನೆಟ್ಟಗೆ ಮಾಡಿ. ಲಿವರನ್ನು ಹಗುರವಾಗಿ ಒತ್ತಿ, ಮುಂದಿನ ಸಸ್ಪೆನ್ಷನ್ ಕುಗ್ಗಿದ್ದು ಗೊತ್ತಾಗುತ್ತಲೇ ಒತ್ತಡವನ್ನು ಏರಿಸುತ್ತ ಹೋಗಿ. ಹಿಂದಿನದನ್ನು ಹಗುರವಾಗಿ ಜೊತೆಗಿಡಿ, ಕ್ಲಚ್ ಹಿಡಿದು ಗೇರ್ ಇಳಿಸಿ. ನೋಟ ಅಡೆತಡೆಯ ಮೇಲಲ್ಲ, ತಪ್ಪಿಸಿಕೊಳ್ಳುವ ಜಾಗದ ಮೇಲಿರಲಿ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಲಿವರ್ ಮಿಡಿಯುತ್ತದೆ. ಅದು ದೋಷವಲ್ಲ, ಬಿಡದೆ ಹಿಡಿದಿರಿ. ಎಬಿಎಸ್ ಇಲ್ಲದೆ ಮುಂದಿನ ಚಕ್ರ ಜಾಮ್ ಆದರೆ ತಕ್ಷಣ ಬಿಟ್ಟು ಮತ್ತೆ ನಯವಾಗಿ ಹಿಡಿಯಿರಿ. ಹಿಂದಿನ ಚಕ್ರ ಜಾಮ್ ಆಗಿ ಬಾಲ ಪಕ್ಕಕ್ಕೆ ಜಾರಿದ್ದರೆ ಪೆಡಲನ್ನು ಥಟ್ಟನೆ ಬಿಡಬೇಡಿ. ಓರೆಯಾಗಿ ಜಾರುತ್ತಿದ್ದ ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿ ಬೈಕ್ ಸವಾರನನ್ನು ಇನ್ನೊಂದು ಬದಿಗೆ ಎತ್ತಿ ಒಗೆಯುತ್ತದೆ.

ಪಕ್ಕಕ್ಕೆ ಸರಿಯಬೇಕಾದರೆ ಬ್ರೇಕ್ ಬಿಟ್ಟು ಸರಿಯಿರಿ. ಬಲಕ್ಕೆ ಹೋಗಲು ಬಲಗೈ ಹಿಡಿಯನ್ನು ಮುಂದಕ್ಕೆ ತಳ್ಳಿ, ಎಡಕ್ಕೆ ಎಡಗೈಯದನ್ನು. ಕೇಳಿದರೆ ತಲೆಕೆಳಗು ಅನ್ನಿಸುತ್ತದೆ, ಆದರೆ ನಡಿಗೆಯ ವೇಗ ಮೀರಿದ ಮೇಲೆ ಬೈಕ್ ವಾಲುವುದೇ ಹೀಗೆ.

ಮಳೆ ಶುರುವಾದ ಮೊದಲ ಕೆಲವು ನಿಮಿಷ ರಸ್ತೆ ಅತಿ ಜಾರು, ಧೂಳು ಮತ್ತು ಎಣ್ಣೆ ನೀರಿನೊಡನೆ ತೇಲುತ್ತವೆ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಹಲಗೆಗಳ ಮೇಲೆ ಬ್ರೇಕೂ ಬೇಡ, ವಾಲುವುದೂ ಬೇಡ.

ಇದೆಲ್ಲ ಓದಿ ಬರುವ ವಿದ್ಯೆಯಲ್ಲ. ಖಾಲಿ ಮೈದಾನದಲ್ಲಿ ಒಂದು ಗೆರೆ ಎಳೆದು, 30ರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಹಿಡಿದು, ನಿಂತ ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಆರು ಮೀಟರ್ ಆಸುಪಾಸಿನಲ್ಲಿ, ಚಕ್ರ ಜಾರದೆ, ಪ್ರತಿ ಸಲವೂ ನಿಲ್ಲುವಂತಾದ ಮೇಲೆ 40ಕ್ಕೆ ಹೋಗಿ. ಹಿಂಬದಿ ಸವಾರರನ್ನು ಕೂರಿಸಿಕೊಂಡೂ ಒಮ್ಮೆ ಮಾಡಿ ನೋಡಿ, ಬೈಕಿನ ವರ್ತನೆ ಬೇರೆಯೇ ಇರುತ್ತದೆ. ಟೈರ್ ಅಥವಾ ಬ್ರೇಕ್ ಪ್ಯಾಡ್ ಬದಲಿಸಿದ ಹೊಸತರಲ್ಲಿ ಮಾತ್ರ ಈ ಅಭ್ಯಾಸ ಬೇಡ. ಹೊಸ ಟೈರ್‌ನ ಮೇಲ್ಮೈ ನುಣುಪಾಗಿರುತ್ತದೆ, ಹೊಸ ಪ್ಯಾಡ್ ಡಿಸ್ಕ್‌ಗೆ ಇನ್ನೂ ಕೂಡಿಕೊಂಡಿರುವುದಿಲ್ಲ. ಮೊದಲ 150 ಕಿ.ಮೀ. ನಯವಾಗಿ ಓಡಿಸಿ, ಆಮೇಲೆ ಅದೇ ಗೆರೆಯ ಮುಂದೆ ಮತ್ತೆ ಅಳೆಯಿರಿ.