ಅಮೆರಿಕನ್ ಹಾಡಿನ ದಶಕವನ್ನು ಕೇಳಿಯೇ ಗುರುತಿಸಿ

ಮೊದಲು ಡ್ರಮ್ಸ್ ಕೇಳಿ, ಹಾಡುವವರ ದನಿಗಿಂತ ಬೇಗ ಕಾಲವನ್ನು ಹೇಳುವುದು ಅದೇ. ಹೆಡ್‌ಫೋನ್ ಬೇಕೇ ಬೇಕು. ಫೋನಿನ ಸ್ಪೀಕರ್‌ನಲ್ಲಿ ಅಡಿದನಿ ಸರಿಯಾಗಿ ಕೇಳಿಸುವುದಿಲ್ಲ.

ಒಂದರಿಂದ ನಾಲ್ಕರವರೆಗೆ ಎಣಿಸುತ್ತಾ ಹೋಗಿ. ಎರಡು, ನಾಲ್ಕರ ಮೇಲೆ ಸ್ನೇರ್ (ಚಟ್ ಎಂದು ಸಿಡಿಯುವ ಡ್ರಮ್) ಬಲವಾಗಿ ಬಿದ್ದರೆ ಬಹುಪಾಲು 1950ರ ದಶಕದ ರಾಕ್ ಅಂಡ್ ರೋಲ್ ಅಥವಾ ಅದರ ನಂತರದ್ದು. ನಾಲ್ಕೂ ಎಣಿಕೆಗೆ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಬಿದ್ದು, ನಡುನಡುವೆ ಹೈ-ಹ್ಯಾಟ್ (ಜೋಡಿ ತಾಳ) ತೆರೆದುಕೊಂಡರೆ 1970ರ ದಶಕದ ಡಿಸ್ಕೊ. ಸ್ನೇರ್ ಹೊಡೆತ ದೊಡ್ಡದಾಗಿ ಮೊಳಗಿ ತಟ್ಟನೆ ನಿಂತರೆ 1980ರ ದಶಕ: ಅಲ್ಲಿ ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ತಡೆಯುವ ಸಾಧನ) ಪ್ರತಿಧ್ವನಿಯನ್ನು ಕತ್ತರಿಸಿರುತ್ತದೆ.

ಎಡವುವುದು ರೋಲ್ಯಾಂಡ್ ಟಿಆರ್-808 ಎಂಬ ಡ್ರಮ್ ಯಂತ್ರದಲ್ಲಿ. 1980ರಲ್ಲಿ ಬಂದ ಆ ಯಂತ್ರದ ಕಿಕ್ ಇಂದಿನ ಹಿಪ್-ಹಾಪ್ ಬಗೆಯಾದ ಟ್ರ್ಯಾಪ್‌ನಲ್ಲೂ ಇದೆ. ಆಗ ದನಿಯತ್ತ ಗಮನ ಕೊಡಿ: ಸ್ವರಗಳು ಜಾರದೆ ಮೆಟ್ಟಿಲು ಹತ್ತಿದಂತೆ ನೆಗೆಯುತ್ತಿದ್ದರೆ ಅದು ಸ್ವರ ತಿದ್ದುವ ತಂತ್ರಾಂಶ ಆಟೊ-ಟ್ಯೂನ್, ಅಂದರೆ ಹಾಡು 1997ರ ಈಚಿನದು.