ಊರೊಳಗೆ 115, ಹೆದ್ದಾರಿಯಲ್ಲಿ 185: ನನ್ನ ಇವಿ ಕಾರಿನ ಲೆಕ್ಕ

ಕಾರು ತಗೊಂಡ ಮೊದಲ ಎರಡು ತಿಂಗಳು ಊರೊಳಗೆ ಮಾತ್ರ ಓಡಿಸಿದ್ದೆ. ಫುಲ್ ಚಾರ್ಜ್ ಆದಾಗ ಡ್ಯಾಶ್‌ಬೋರ್ಡ್ 340 ಕಿ.ಮೀ. ಅಂತ ತೋರಿಸುತ್ತಿತ್ತು, ಹೆಚ್ಚುಕಮ್ಮಿ ಅಷ್ಟೇ ಸಿಗುತ್ತಲೂ ಇತ್ತು. ಹಾಗಾಗಿ 230 ಕಿ.ಮೀ. ದೂರದ ಮೊದಲ ಹೆದ್ದಾರಿ ಪ್ರಯಾಣಕ್ಕೆ ಹೊರಟಾಗ ಚಾರ್ಜಿಂಗ್ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಕ್ರೂಸ್ ಕಂಟ್ರೋಲ್‌ನಲ್ಲಿ ವೇಗವನ್ನು ಗಂಟೆಗೆ 110 ಕಿ.ಮೀ.ಗೆ ಇಟ್ಟು ಹೋದೆ. 120 ಕಿ.ಮೀ. ಆಗುವಷ್ಟರಲ್ಲಿ ಬ್ಯಾಟರಿ 45%ಗೆ ಇಳಿದಿತ್ತು, ಇನ್ನೂ 110 ಕಿ.ಮೀ. ಬಾಕಿ. ಅದೇ ವೇಗದಲ್ಲಿ ಹೋಗಿದ್ದರೆ ಊರು ಹತ್ತು ಹದಿನೈದು ಕಿ.ಮೀ. ಇರುವಾಗಲೇ ಕಾರು ನಿಂತುಬಿಡುತ್ತಿತ್ತು. ವೇಗವನ್ನು 75ಕ್ಕೆ ಇಳಿಸಿ, ಜೀವ ಕೈಯಲ್ಲಿ ಹಿಡಿದುಕೊಂಡು, 11% ಉಳಿಸಿಕೊಂಡು ತಲುಪಿದೆ. ಆ 340 ಅನ್ನೋದು ನಾನು ಹಿಂದಿನ ದಿನಗಳಲ್ಲಿ ಓಡಿಸಿದ ರೀತಿಯ ಲೆಕ್ಕ. ಮುಂದೆ ಎಂಥ ರಸ್ತೆ ಬರುತ್ತದೆ ಅಂತ ಅದಕ್ಕೇನು ಗೊತ್ತು?

ಅದಾದ ಮೇಲೆ ಅಳೆದೇ ನೋಡೋಣ ಅಂತ ಶುರು ಮಾಡಿದೆ. ಉಳಿದ ಕಿ.ಮೀ. ನೋಡುವುದು ಬಿಟ್ಟು, ಒಂದು ಕಿ.ಮೀ.ಗೆ ಎಷ್ಟು ವ್ಯಾಟ್ ಅವರ್ ಖರ್ಚಾಗುತ್ತಿದೆ ಅನ್ನುವ ಅಂಕಿ ನೋಡಿದೆ. ಸಾವಿರ ವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ನನ್ನ ಬ್ಯಾಟರಿಯಲ್ಲಿ ಬಳಸಲು ಸಿಗುವುದು 40 ಯೂನಿಟ್.

ಸಮತಟ್ಟಾದ 15 ಕಿ.ಮೀ. ರಸ್ತೆಯೊಂದನ್ನು ಆರಿಸಿಕೊಂಡು, ಬೆಳಗ್ಗೆ ಬೇಗ, ಟೈರಿನ ಗಾಳಿ ಸರಿ ಮಾಡಿಸಿ, ಎಸಿ ಒಂದೇ ಸೆಟ್ಟಿಂಗ್‌ನಲ್ಲಿಟ್ಟು, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಒಂದು ವೇಗದಲ್ಲಿ ಹೋಗಿ ಅದೇ ವೇಗದಲ್ಲಿ ವಾಪಸ್ ಬರುತ್ತಿದ್ದೆ. ಎರಡೂ ಕಡೆ ಓಡಿಸಿ ಸರಾಸರಿ ತೆಗೆಯುವುದು ಮುಖ್ಯ, ಹೋಗುವಾಗ ನೂಕಿದ ಗಾಳಿ ಬರುವಾಗ ಎದುರಾಗುತ್ತದೆ. ನನಗೆ ಸಿಕ್ಕ ಅಂಕಿಗಳು ಹೀಗಿವೆ: 60ರಲ್ಲಿ ಸುಮಾರು 100 ವ್ಯಾಟ್ ಅವರ್, 80ರಲ್ಲಿ 130, 90ರಲ್ಲಿ 145, 100ರಲ್ಲಿ 165, 110ರಲ್ಲಿ 185. ನಿಮ್ಮ ಕಾರಿನಲ್ಲಿ ಅಂಕಿ ಬೇರೆ ಬರಬಹುದು, ಆದರೆ ಏರುವ ರೀತಿ ಇದೇ.

ಇದಕ್ಕೆ ಕಾರಣ ಗಾಳಿ. ಟೈರು ರಸ್ತೆಯ ಮೇಲೆ ಉರುಳುವುದರಿಂದ ಆಗುವ ಖರ್ಚು ಕಿ.ಮೀ.ಗೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ವೇಗ ಸುಮಾರು 38% ಹೆಚ್ಚು, ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟು. ಕಂಪನಿ ಹೇಳುವ ರೇಂಜ್, ಅಂದರೆ ಒಂದು ಫುಲ್ ಚಾರ್ಜಿಗೆ ಓಡುವ ದೂರ, ಹೆದ್ದಾರಿಯಲ್ಲಿ ಸಿಗದಿರಲು ಇದೂ ಒಂದು ಕಾರಣ. ಉದಾಹರಣೆಗೆ ರೇಂಜ್ ಅಳೆಯಲು ಬಳಸುವ ಡಬ್ಲ್ಯುಎಲ್‌ಟಿಪಿ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಬರೀ 46.5 ಕಿ.ಮೀ.

ಊರೊಳಗೆ ನನ್ನ ಸರಾಸರಿ ಖರ್ಚು ಕಿ.ಮೀ.ಗೆ 115 ವ್ಯಾಟ್ ಅವರ್. ಪೆಟ್ರೋಲ್ ಕಾರು ಓಡಿಸಿದವರಿಗೆ ಇದು ಉಲ್ಟಾ ಅನಿಸುತ್ತದೆ, ಅಲ್ವಾ? ಪೆಟ್ರೋಲ್ ಇಂಜಿನ್ ಸಿಗ್ನಲ್‌ನಲ್ಲಿ ನಿಂತಾಗಲೂ ಕುಡಿಯುತ್ತಲೇ ಇರುತ್ತದೆ, ನಿಧಾನಕ್ಕೆ ಓಡುವಾಗ ಅದರ ದಕ್ಷತೆ ತೀರಾ ಕಡಿಮೆ. ಮೋಟರ್ ನಿಂತಾಗ ಸುಮ್ನೆ ನಿಲ್ಲುತ್ತದೆ. ಜೊತೆಗೆ ರೀಜೆನ್ ಇದೆ, ಅಂದರೆ ವೇಗ ಇಳಿಸುವಾಗ ಮೋಟರ್ ಜನರೇಟರ್‌ನಂತೆ ತಿರುಗಿ ಕರೆಂಟ್ ಮಾಡುವುದು. 1600 ಕಿಲೋ ತೂಕದ ಕಾರು 50ರಲ್ಲಿ ಓಡುವಾಗ ಅದರಲ್ಲಿ ಸುಮಾರು 43 ವ್ಯಾಟ್ ಅವರ್ ಶಕ್ತಿ ಇರುತ್ತದೆ, ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗಬೇಕಾದ ಅದರ ದೊಡ್ಡ ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ. ಪೂರ್ತಿ ಬರುವುದಿಲ್ಲ. ಅದಕ್ಕೇ ದೂರದಲ್ಲಿ ಕೆಂಪು ಸಿಗ್ನಲ್ ಕಂಡ ಕೂಡಲೇ ಕಾಲು ಸಡಿಲ ಮಾಡಿ ಕಾರನ್ನು ತೇಲಲು ಬಿಡುವುದು, ಜೋರಾಗಿ ಓಡಿಸಿ ಕೊನೆಗೆ ರೀಜೆನ್ ಮಾಡುವುದಕ್ಕಿಂತ ಒಳ್ಳೆಯದು.

ಆದರೆ ಊರೊಳಗೆ ಯಾವಾಗಲೂ ಕಡಿಮೆ ಅಂತ ನಂಬಬೇಡಿ. ನಾನೂ ನಂಬಿದ್ದೆ. ಒಂದು ಸುಡು ಮಧ್ಯಾಹ್ನ, ಬಿಸಿಲಲ್ಲಿ ನಿಂತು ಕಾದಿದ್ದ ಕಾರನ್ನು ತೆಗೆದುಕೊಂಡು ಹೊರಟು, ಜಾಮ್‌ನಲ್ಲಿ ಸಿಕ್ಕಿ, 9 ಕಿ.ಮೀ. ದಾಟಲು 55 ನಿಮಿಷ ಹಿಡಿಯಿತು. ಟ್ರಿಪ್ ಮೀಟರ್ ನೋಡಿದರೆ 190! 110ರಲ್ಲಿ ಹೋದದ್ದಕ್ಕಿಂತ ಜಾಸ್ತಿ. ಕೂತು ಲೆಕ್ಕ ಹಾಕಿದಾಗ ಅರ್ಥವಾಯಿತು. ಗಾಳಿ, ಟೈರು ಇವು ಕಿ.ಮೀ. ಲೆಕ್ಕದಲ್ಲಿ ತಿನ್ನುತ್ತವೆ, ಎಸಿ ಗಂಟೆ ಲೆಕ್ಕದಲ್ಲಿ ತಿನ್ನುತ್ತದೆ. ಎಸಿ ಒಂದು ಕಿಲೋವ್ಯಾಟ್ ಎಳೆಯುತ್ತಿದೆ ಅಂದುಕೊಳ್ಳಿ. 100ರ ವೇಗದಲ್ಲಿ ಅದು ಕಿ.ಮೀ.ಗೆ 10 ವ್ಯಾಟ್ ಅವರ್, ಗೊತ್ತೇ ಆಗುವುದಿಲ್ಲ. 10ರ ವೇಗದಲ್ಲಿ ತೆವಳುವಾಗ ಅದೇ ಎಸಿ ಕಿ.ಮೀ.ಗೆ 100! ಹೆದ್ದಾರಿಯಲ್ಲಿ ರೇಂಜ್ ಉಳಿಸಲು ಎಸಿ ಆಫ್ ಮಾಡಿ ಬೆವರುವವರನ್ನು ನೋಡಿದರೆ ಬೇಜಾರಾಗುತ್ತದೆ. ಅಲ್ಲಿ ವೇಗವನ್ನು 10 ಕಡಿಮೆ ಮಾಡಿದರೆ ಅದರ ಎರಡು ಪಟ್ಟು ಉಳಿಯುತ್ತದೆ. ಈಗ ನಾನು ಚಾರ್ಜರ್ ಸಿಕ್ಕಿಸಿರುವಾಗಲೇ ಎಸಿ ಹಾಕಿ ಕಾರನ್ನು ತಣ್ಣಗೆ ಮಾಡಿಕೊಂಡು ಹೊರಡುತ್ತೇನೆ.

ಘಾಟಿ ಇದ್ದರೆ ಲೆಕ್ಕ ಬೇರೆ. ಇದೇ ತೂಕದ ಕಾರು 500 ಮೀಟರ್ ಎತ್ತರ ಏರಲು 2 ಯೂನಿಟ್‌ಗಿಂತ ಜಾಸ್ತಿಯೇ ಬೇಕು. ಇಳಿಯುವಾಗ ಒಳ್ಳೆಯ ಪಾಲು ವಾಪಸ್ ಬರುತ್ತದೆ, ಆದರೆ ಬೆಟ್ಟದ ಮೇಲೆಯೇ 100% ಚಾರ್ಜ್ ಮಾಡಿಕೊಂಡು ಇಳಿಯಲು ಶುರು ಮಾಡಿದರೆ ಆ ಶಕ್ತಿ ತುಂಬಲು ಜಾಗವೇ ಇರುವುದಿಲ್ಲ. ಇನ್ನೊಂದು ಮಾತು, ಡ್ಯಾಶ್‌ಬೋರ್ಡಿನ ಅಂಕಿ ಮತ್ತು ಗೋಡೆಯ ಮೀಟರ್ ಒಂದೇ ಅಲ್ಲ. ನಾನು ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದಾಗ ಕಾರಿಗೆ 38 ಯೂನಿಟ್ ಸೇರಲು ಗೋಡೆಯಿಂದ 43 ಹೋಗಿತ್ತು. ಖರ್ಚು ಲೆಕ್ಕ ಹಾಕುವವರು ಗೋಡೆಯ ಅಂಕಿಯನ್ನೇ ಹಿಡಿಯಿರಿ.

ಈಗ ಹೊರಡುವ ಮುಂಚೆ ನನ್ನ ಲೆಕ್ಕ ಸುಲಭ. 40ರಲ್ಲಿ 4 ಯೂನಿಟ್ ಮುಟ್ಟುವುದಿಲ್ಲ. ಉಳಿದ 36ರಲ್ಲಿ 90ರ ವೇಗಕ್ಕೆ ಸುಮಾರು 248 ಕಿ.ಮೀ., 110ಕ್ಕೆ 194. ಮೊನ್ನೆ ಅದೇ 230 ಕಿ.ಮೀ. ದಾರಿಯನ್ನು ಉದ್ದಕ್ಕೂ 90ರಲ್ಲೇ ಹೋದೆ. 16% ಉಳಿದಿತ್ತು. ತಗುಲಿದ ಸಮಯ ಎರಡೂವರೆ ಗಂಟೆಗೆ ಮೂರು ನಿಮಿಷ ಜಾಸ್ತಿ. ಮೊದಲ ಸಲ 110ರಲ್ಲಿ ಓಡಿಸಿ, ಆಮೇಲೆ ಹೆದರಿ 75ಕ್ಕೆ ಇಳಿಸಿದಾಗಲೂ ತಗುಲಿದ್ದು ಅಷ್ಟೇ ಹೊತ್ತು.