ಕುದುರೆಯ ಜೀನಿನ ಕೆಳಗೆ ಯಾವ ಪ್ಯಾಡ್? ಧಾರವಾಡದ ಲಾಯದಿಂದ ಕೆಲವು ಮಾತು

ಸ್ವಂತ ಕುದುರೆ ಕೊಂಡವರು ನನ್ನ ಬಳಿ ಬಂದು ಕೇಳುವ ಮೊದಲ ಪ್ರಶ್ನೆ, "ಅಕ್ಕಾ, ಪ್ಯಾಡ್ ಯಾವ ಬಣ್ಣದ್ದು ತರಲಿ?" ಎಂಬುದು. ಬಣ್ಣ ಯಾವುದಾದರೂ ತನ್ನಿ, ಕುದುರೆಗೆ ತನ್ನ ಬೆನ್ನು ಕಾಣುವುದಿಲ್ಲ. ಆದರೆ ಅದಕ್ಕೂ ಮುಂಚೆ ಅಂಗಡಿಗೆ ಹೋಗದೆ, ಮೊಬೈಲಿನಲ್ಲಿ ಚಿತ್ರ ನೋಡದೆ, ಕುದುರೆಯನ್ನು ಬರಿಬೆನ್ನಿನಲ್ಲಿ ಬಿಸಿಲಿಗೆ ನಿಲ್ಲಿಸಿ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎಲುಬಿನ ದಿಬ್ಬವೊಂದು ಎದ್ದಿರುತ್ತದೆಯಲ್ಲ, ಅಲ್ಲಿಂದ ಸೊಂಟದವರೆಗೆ ಅಂಗೈ ಒತ್ತುತ್ತಾ ಹೋಗಿ. ಎಲ್ಲಿ ಚರ್ಮ ನಡುಗುತ್ತದೆ, ಎಲ್ಲಿ ಬೆನ್ನು ಕೆಳಗೆ ಜಗ್ಗುತ್ತದೆ, ಎಲ್ಲಿ ಕಿವಿ ಹಿಂದಕ್ಕೆ ಮಡಚುತ್ತದೆ, ನೋಡಿಕೊಳ್ಳಿ. ಪ್ಯಾಡಿನ ಆಯ್ಕೆ ಅಲ್ಲಿಂದ ಶುರುವಾಗುತ್ತದೆ.

ಕೆಲಗೇರಿಯ ಕಡೆ ನಾನು ಎರಡು ಕುದುರೆ ಸಾಕಿ ಮಕ್ಕಳಿಗೆ ಸವಾರಿ ಕಲಿಸುತ್ತೇನೆ. ಮಲ್ಲಿಗೆ ಎಂಬುದು ಮಾರ್ವಾಡಿ ತಳಿಯ ಹೆಣ್ಣು; ಒಳಕ್ಕೆ ಬಾಗಿ ತುದಿ ಮುಟ್ಟುವ ಕಿವಿ, ಎತ್ತರದ ದಿಬ್ಬ, ಇಕ್ಕಟ್ಟಾದ ಬೆನ್ನು. ಇನ್ನೊಬ್ಬ ಬಾದಶಾ, ಕಂದು ಬಣ್ಣದವನು, ಮದುವೆ ಮೆರವಣಿಗೆಗಳಲ್ಲಿ ವರರನ್ನು ಹೊತ್ತು ಹೊತ್ತು ನಮ್ಮಲ್ಲಿಗೆ ಬಂದವನು. ಅವನ ದಿಬ್ಬದ ಎರಡೂ ಬದಿಗೆ ಅಂಗೈಯಗಲ ಬಿಳಿಕೂದಲಿನ ಕಲೆಗಳಿವೆ. ನೋಡಿದವರು "ಎಷ್ಟು ಚೆಂದದ ಮಚ್ಚೆ" ಎನ್ನುತ್ತಾರೆ. ಅದು ಮಚ್ಚೆಯಲ್ಲ. ಜೀನಿನ ಒತ್ತಡದಿಂದ ಕೂದಲಿನ ಬುಡಕ್ಕೆ ಪೆಟ್ಟಾದರೆ ಆಮೇಲೆ ಬರುವ ಕೂದಲು ಬಣ್ಣ ಕಳೆದುಕೊಂಡು ಬಿಳಿಯಾಗಿ ಬರುತ್ತದೆ. ಬಹುತೇಕ ಮತ್ತೆ ಸರಿಹೋಗುವುದಿಲ್ಲ. ಜರಿಯ ಜೂಲು ಮೇಲೆ ಝಗಮಗ ಎನ್ನುತ್ತಿತ್ತು, ಕೆಳಗೆ ಗೋಣಿಚೀಲದ ಮಡಿಕೆ ಇತ್ತು. ಕುದುರೆ ಕೊಳ್ಳುವವರು ಹಲ್ಲು ನೋಡುವಂತೆ ಈ ಬಿಳಿ ಕಲೆಗಳನ್ನೂ ನೋಡಬೇಕು.

ಈಗ ಅಪ್ರಿಯವಾದ ಮಾತೊಂದನ್ನು ಹೇಳಿಬಿಡುತ್ತೇನೆ. ಜೀನು ಸರಿ ಕೂರದಿದ್ದರೆ ಎಂಥ ದುಬಾರಿ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ. ಪ್ಯಾಡ್ ಮಾಡುವ ಕೆಲಸ ಇಷ್ಟೇ: ಬೆವರು ಹೀರುವುದು, ಜೀನಿನ ಚರ್ಮವನ್ನು ಉಪ್ಪಿನಿಂದ ಕಾಯುವುದು, ಉಜ್ಜಾಟ ತಗ್ಗಿಸುವುದು, ಸಣ್ಣಪುಟ್ಟ ಒತ್ತಡವನ್ನು ಹಂಚುವುದು. ಇಕ್ಕಟ್ಟಾದ ಜೀನಿನ ಕೆಳಗೆ ದಪ್ಪ ಪ್ಯಾಡ್ ತುರುಕಿದರೆ ಅದು ಇನ್ನಷ್ಟು ಇಕ್ಕಟ್ಟಾಗುತ್ತದೆ, ಅಷ್ಟೇ. ನಮ್ಮಲ್ಲಿ ಬಹಳ ಜನ ಮಾಡುವುದು ಇದನ್ನೇ: ಬೆನ್ನು ಹುಣ್ಣಾಯಿತೆಂದು ಪ್ಯಾಡ್ ಮೇಲೆ ಪ್ಯಾಡ್ ಹೇರುವುದು. ಅಣ್ಣಿಗೇರಿಯ ಎರೆ ಹೊಲದಲ್ಲಿ ನಮ್ಮಪ್ಪ ಎತ್ತು ಕಟ್ಟಿದ ಕಾಲದಲ್ಲಿ ಎತ್ತಿನ ಹೆಗಲು ಬಾತರೆ ನೊಗಕ್ಕೆ ಬಟ್ಟೆ ಸುತ್ತುತ್ತಿರಲಿಲ್ಲ. ನೊಗವನ್ನೇ ಬಿಚ್ಚಿ, ಬಡಿಗನ ಬಳಿ ಹೊತ್ತು ಕೆತ್ತಿಸಿಕೊಂಡು ಬರುತ್ತಿದ್ದರು. ಬಾವು ಇಳಿಯುವವರೆಗೆ ಎತ್ತಿಗೆ ರಜೆ.

ಆದ್ದರಿಂದ ಮೊದಲು ಪ್ಯಾಡ್ ಇಲ್ಲದೆ ಬರಿ ಜೀನು ಇಟ್ಟು ನೋಡಿ. ಸ್ವಲ್ಪ ಮುಂದಕ್ಕೆ ಇಟ್ಟು, ಕೂದಲು ಮಲಗಿದ ದಿಕ್ಕಿನಲ್ಲಿ ಹಿಂದಕ್ಕೆ ಜಾರಿಸಿ; ಹೆಗಲ ಎಲುಬಿನ ಹಿಂದೆ ತಾನಾಗಿ ನಿಲ್ಲುತ್ತದೆ. ಸವಾರ ಕುಳಿತ ಮೇಲೂ ಜೀನಿನ ಮುಂಭಾಗಕ್ಕೂ ದಿಬ್ಬಕ್ಕೂ ನಡುವೆ ಎರಡು ಮೂರು ಬೆರಳು ಆಡಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನುಹುರಿಯ ಮೇಲಿನ ಸಂದಿನಲ್ಲಿ ಬೆಳಕು ಆರಪಾರ ಕಾಣಬೇಕು. ಕುದುರೆಗೆ 18 ಜೊತೆ ಪಕ್ಕೆಲುಬು. ಕೊನೆಯದನ್ನು ದಾಟಿ ಜೀನಿನ ಭಾರ ಬೀಳಬಾರದು. ಕಾಠಿಯಾವಾಡಿ ಕುದುರೆಗಳ ಬೆನ್ನು ಗಿಡ್ಡ, ಆದ್ದರಿಂದ ಅವುಗಳಲ್ಲಿ ಇದನ್ನು ಎರಡು ಸಲ ನೋಡಿ. ಮಧ್ಯದಲ್ಲಿ ಕೈ ತೂರಿಸಿದಾಗ ಮುಂದೆ ಬಿಗಿ, ಹಿಂದೆ ಬಿಗಿ, ನಡುವೆ ಪೊಳ್ಳು ಎನಿಸಿದರೆ ಆ ಜೀನು ಸೇತುವೆಯಂತೆ ಎರಡು ತುದಿಗಳ ಮೇಲೆ ನಿಂತಿದೆ ಎಂದರ್ಥ. ಅದನ್ನು ಯಾವ ಪ್ಯಾಡೂ ತಿದ್ದುವುದಿಲ್ಲ. ಜೀನು ಒಂದಿಷ್ಟು ಅಗಲವಾಗಿದ್ದರೆ ಮಾತ್ರ ಸ್ವಲ್ಪ ದಪ್ಪದ ಪ್ಯಾಡಿನಿಂದ ತಾತ್ಕಾಲಿಕವಾಗಿ ಸುಧಾರಿಸಬಹುದು.

ಜೀನು ಪಾಸಾಯಿತೆನ್ನಿ. ಇನ್ನು ದಪ್ಪದ ಲೆಕ್ಕ. ಇಂಗ್ಲಿಷ್ ಮಾದರಿಯ ಜೀನಿನ ತಳದಲ್ಲಿ ಉಣ್ಣೆ ತುಂಬಿದ ಮೆತ್ತೆ ಆಗಲೇ ಇರುತ್ತದೆ. ಅದಕ್ಕೆ ತೆಳುವಾದ, ಕ್ವಿಲ್ಟ್ ಹೊಲಿಗೆಯ ಹತ್ತಿ ಪ್ಯಾಡ್ ಸಾಕು. ಅಮೆರಿಕದ ಕೌಬಾಯ್ ಮಾದರಿಯ ಜೀನಿನಲ್ಲಿ ಅಂಥ ತುಂಬಿದ ಮೆತ್ತೆ ಇಲ್ಲ. ಅದಕ್ಕೆ ಮುಕ್ಕಾಲರಿಂದ ಒಂದು ಇಂಚಿನ ಉಣ್ಣೆಯ ಫೆಲ್ಟ್, ಅಂದರೆ ನೇಯದೆ ಒತ್ತಿ ಗಟ್ಟಿಮಾಡಿದ ಉಣ್ಣೆಯ ಹಾಸು, ಬೇಕಾಗುತ್ತದೆ. ನಮ್ಮ ಲಾಯಗಳಲ್ಲಿ ಇದಕ್ಕೆ ನಮದಾ ಎನ್ನುತ್ತಾರೆ. ಒಂದರ ಪ್ಯಾಡನ್ನು ಇನ್ನೊಂದಕ್ಕೆ ಹಾಕಬೇಡಿ.

ಆಕಾರದಲ್ಲಿ ನಾನು ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುತ್ತೇನೆ: ಮೇಲಿನ ಅಂಚು. ಪ್ಯಾಡನ್ನು ನಡುಮಧ್ಯಕ್ಕೆ ಮಡಚಿ, ಮಡಿಕೆಯ ಗೆರೆ ನೋಡಿ. ಗೆರೆ ಪಟ್ಟಿ ಹಿಡಿದಂತೆ ನೇರವಾಗಿದ್ದರೆ ಅದು ದಿಬ್ಬದ ಮೇಲೆ ಡೋಲಿನ ಚರ್ಮದ ಹಾಗೆ ಬಿಗಿದು ಕೂರುತ್ತದೆ. ದಿಬ್ಬದ ಬಳಿ ಮೇಲೇರಿ, ಹಿಂದೆ ಬೆನ್ನಿನ ತಗ್ಗಿಗೆ ಇಳಿದು, ಮತ್ತೆ ಸ್ವಲ್ಪ ಏರುವ ಪ್ಯಾಡ್ ಬೇಕು. ಮಲ್ಲಿಗೆಯಂಥ ಎತ್ತರದ ದಿಬ್ಬದವರಿಗೆ ನೇರ ಅಂಚಿನ ಪ್ಯಾಡ್ ಪುಕ್ಕಟೆ ಕೊಟ್ಟರೂ ಬೇಡ. ಜೀನಿನ ಸುತ್ತ ಎಲ್ಲ ಕಡೆ ಎರಡರಿಂದ ಐದು ಸೆಂಟಿಮೀಟರ್ ಪ್ಯಾಡ್ ಹೊರಗೆ ಕಾಣಬೇಕು. ಅಂಚಿನ ಪೈಪಿಂಗ್ ಜೀನಿನ ಒತ್ತಡದ ಕೆಳಗೆ ಸಿಕ್ಕಿಕೊಂಡರೆ ಒಂದೇ ತಾಸಿನಲ್ಲಿ ಚರ್ಮದ ಮೇಲೆ ಗೆರೆ ಬೀಳುತ್ತದೆ. ನಡುಬೆನ್ನಿನ ಹೊಲಿಗೆಯನ್ನು ಒಳಗಿನಿಂದ ಉಗುರಿನಿಂದ ತಡವಿ, ಉಬ್ಬಿದ್ದರೆ ಬಿಟ್ಟುಬಿಡಿ.

ಯಾವುದರಿಂದ ಮಾಡಿದ ಪ್ಯಾಡ್ ಎಂಬ ವಿಚಾರದಲ್ಲಿ ನಮ್ಮ ಹವೆಯನ್ನು ಮರೆತು ಕೊಳ್ಳುವವರೇ ಹೆಚ್ಚು. ನಿಯೋಪ್ರೀನ್ ಎಂಬ ರಬ್ಬರಿನಂಥ ಪ್ಯಾಡ್ ಜಾರುವುದಿಲ್ಲ, ನಿಜ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಗದಗದ ಬಿಸಿಲಿಗೆ ಅದನ್ನು ಕಟ್ಟಿ ಓಡಿಸಿ ನೋಡಿ: ಶಾಖ ಹೊರಗೆ ಹೋಗುವುದಿಲ್ಲ, ಬೆವರು ಅಲ್ಲೇ ನಿಂತು ಚರ್ಮ ಬೇಯುತ್ತದೆ. ಕೆಲವು ಕುದುರೆಗಳಿಗೆ ಅದರ ಅಲರ್ಜಿಯೂ ಉಂಟು. ಜೆಲ್ ಪ್ಯಾಡ್ ತೂಕ ಜಾಸ್ತಿ, ಗಾಳಿಯಾಡುವುದಿಲ್ಲ. ಅಗ್ಗದ ಫೋಮ್ ಕೆಲವೇ ದಿನಗಳಲ್ಲಿ ಚಪ್ಪಟೆಯಾಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿದಾಗ ಎರಡು ಬೆರಳೂ ಒಂದನ್ನೊಂದು ಮುಟ್ಟಿದಂತಾದರೆ ಸವಾರನ ಭಾರಕ್ಕೆ ಅದು ಇದ್ದೂ ಇಲ್ಲದಂತೆ. ದಿನಬಳಕೆಗೆ ಹತ್ತಿ ಒಳ್ಳೆಯದು, ಒಗೆಯುವುದು ಸುಲಭ, ಬೆಲೆಯೂ ಕಡಿಮೆ. ಆದರೆ ನೆನೆದರೆ ನೆನೆದೇ ಇರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಕೈಗೆ ಒದ್ದೆ ಎನಿಸುವುದಿಲ್ಲ, ಒತ್ತಿದರೆ ಮತ್ತೆ ಏಳುತ್ತದೆ. ಕೈಗೆಟುಕುವಂತಿದ್ದರೆ ಉಣ್ಣೆಯ ಫೆಲ್ಟ್ ಅಥವಾ ಕುರಿಯ ತುಪ್ಪಟದ ಪ್ಯಾಡ್ ಕೊಳ್ಳಿ ಎಂದೇ ಹೇಳುತ್ತೇನೆ.

ಕೊಳ್ಳುವಾಗ ನಂಬಿಕೆ ಬೇಡ, ಪರೀಕ್ಷೆ ಇರಲಿ. ಅಂಚಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರು ಮುಖ ಸಿಂಡರಿಸಬಹುದು. "ಶುದ್ಧ ಉಣ್ಣೆ" ಎಂದು ಹೇಳುವವರು ಒಂದೆಳೆಗೆ ಹೆದರಬೇಕಾಗಿಲ್ಲ. ಕುದುರೆ ಸಾಮಾನುಗಳಿಗೆ ದೇಶದಲ್ಲಿ ಹೆಸರಾದ ಊರು ಕಾನ್ಪುರ. ಅಲ್ಲಿಯ ಜೀನು-ಲಗಾಮುಗಳಿಗೆ ಭೌಗೋಳಿಕ ಸೂಚಕವೂ, ಅಂದರೆ ಆ ಊರಿನದೇ ಎಂಬ ಜಿಐ ಗುರುತೂ, ಇದೆ. ಅಲ್ಲಿಂದ ತರಿಸುವುದಾದರೆ ಕುದುರೆಯ ಎತ್ತರವನ್ನು ಹ್ಯಾಂಡ್ ಲೆಕ್ಕದಲ್ಲಿ, ಅಂದರೆ ನಾಲ್ಕು ಇಂಚಿಗೆ ಒಂದರಂತೆ, ಅಳೆದು ಹೇಳಿ. ಜೊತೆಗೆ ನಿಮ್ಮ ಜೀನಿನ ಉದ್ದಗಲಗಳನ್ನೂ ಬರೆದು ಕಳಿಸಿ. ದಿಬ್ಬದ ಆಕಾರಕ್ಕೆ ದಪ್ಪ ಅಲ್ಯೂಮಿನಿಯಂ ತಂತಿಯನ್ನು ಮೈಗಂಟುವಂತೆ ಬಾಗಿಸಿ, ಹಾಗೆಯೇ ರಟ್ಟಿನ ಮೇಲಿಟ್ಟು ಗೆರೆ ಎಳೆದು ಫೋಟೋ ಕಳಿಸಿದರೆ ತಪ್ಪು ಸೈಜು ಬರುವುದು ಕಡಿಮೆಯಾಗುತ್ತದೆ.

ಅಷ್ಟು ದೂರದಿಂದ ತರಿಸುವ ಮನಸ್ಸಿಲ್ಲದವರು ನಮ್ಮ ಸೀಮೆಯ ಕಂಬಳಿಯನ್ನು ನೋಡಬಹುದು. ಹಿಂದೆ ಬ್ರಿಟಿಷರ ಅಶ್ವದಳ ಜೀನಿನ ಕೆಳಗೆ ಹಾಕುತ್ತಿದ್ದುದು ಮಡಚಿದ ಉಣ್ಣೆ ಕಂಬಳಿಯನ್ನೇ. ಅದರಲ್ಲೊಂದು ಜಾಣತನವಿತ್ತು: ದಂಡಯಾತ್ರೆಯಲ್ಲಿ ಕುದುರೆ ಬಡಕಲಾದಂತೆ ಮಡಿಕೆ ಬದಲಿಸಿಕೊಳ್ಳಬಹುದು, ರಾತ್ರಿ ಚಳಿಗೆ ಅದೇ ಹೊದಿಕೆಯಾಗುತ್ತದೆ. ಕಂಬಳಿ ಹುಡುಕಿಕೊಂಡು ನಾನು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಗೆ ಹೋಗಿದ್ದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಅಜ್ಜ ತಲೆ ಎತ್ತಿ, "ಏನು ತಂಗಿ, ಕುದುರೆಗೂ ಚಳಿಯೇ?" ಎಂದು ನಕ್ಕರು. ಜೀನಿನ ಕೆಳಗೆ ಎಂದಾಗ ನಗು ನಿಲ್ಲಿಸಿ, ಹಾಗಾದರೆ ಹೊಸದನ್ನು ಹಾಗೆಯೇ ಹಾಕಬೇಡ, ಗಂಜಿ ಹೋಗಲಿ ಎಂದರು.

ಆ ಮಾತು ಲಕ್ಷಕ್ಕೆ ಸಮ. ನೇಯುವ ಮುಂಚೆ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ, ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ, ಅದರಿಂದಲೇ ಹೊಸ ಕಂಬಳಿ ರಟ್ಟಿನಂತೆ ಸೆಟೆದಿರುತ್ತದೆ. ಬೆವರಿಗೆ ಆ ಗಂಜಿ ಅಂಟಾಗುತ್ತದೆ. ತಣ್ಣೀರಿನಲ್ಲಿ ನೆನೆಹಾಕಿ, ತುಳಿದು, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಬಿಸಿನೀರು ಹಾಕಿದರೆ ಕುಗ್ಗಿ ಗಂಟು ಕಟ್ಟುತ್ತದೆ. ದಖನಿ ಕುರಿಯ ಉಣ್ಣೆ ಒರಟು, ನಡುನಡುವೆ ಚುಚ್ಚುವ ಕೂದಲಿರುತ್ತದೆ. ತೆಳುಚರ್ಮದ ಕುದುರೆಗೆ ನೇರವಾಗಿ ತಾಗಿಸದೆ ಕೆಳಗೆ ಹತ್ತಿ ಬಟ್ಟೆ ಹಾಸಿ. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಬಣ್ಣ ಹಾಕದ ದಪ್ಪ ಹತ್ತಿ ಬಟ್ಟೆ ತೆಗೆದುಕೊಂಡರೆ ಸಾಕು. ಎರಡು ಅಗಲಗಳನ್ನು ಜೋಡಿಸಿ ಹೊಲಿದ ಕಂಬಳಿಯಾದರೆ ಆ ಹೊಲಿಗೆ ಜೀನಿನ ಕೆಳಗೆ ಬಾರದಂತೆ ಮಡಚಬೇಕು. ಆಗದಿದ್ದರೆ ಆ ಕಂಬಳಿ ಹೊದೆಯಲಿಕ್ಕಿರಲಿ. ಮಡಿಕೆಯ ದಂಡೆ ಮುಂದಕ್ಕೆ, ಬಿಡಿ ಅಂಚುಗಳು ಹಿಂದಕ್ಕೆ. ಒಂದೂ ನಿರಿಗೆ ಉಳಿಯಬಾರದು.

ಕಂಬಳಿ ಆಗುವುದಾದರೆ ಕೌದಿ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಹಳೆಯ ಸೀರೆಗಳ ಪದರ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಏಳು. ಮೇಲೆ ಗುಬ್ಬಿಹೆಜ್ಜೆಯಂತೆ ಹೊಲಿಗೆ. ಮನುಷ್ಯ ಮಲಗಲು ಅದಕ್ಕಿಂತ ಸುಖವಾದದ್ದಿಲ್ಲ, ಕುದುರೆಗೆ ಬೇಡ. ನವಲಗುಂದದ ಜಮಖಾನೆಯೂ ಬೇಡ: ಗಟ್ಟಿ, ಜಾರುತ್ತದೆ, ಮತ್ತು ಅಂಥ ನವಿಲುಗಳನ್ನು ನೇಯ್ದವರು ಅದನ್ನು ಬೆವರಿನಲ್ಲಿ ನೋಡಿದರೆ ನೊಂದುಕೊಳ್ಳುತ್ತಾರೆ.

ಹೊಸ ಪ್ಯಾಡ್ ಹಾಕುವ ಮೊದಲ ದಿನ ಮುಖ್ಯ. ಜೀನು ಇಟ್ಟ ಮೇಲೆ, ಹೊಟ್ಟೆಪಟ್ಟಿ ಬಿಗಿಯುವ ಮುಂಚೆ, ದಿಬ್ಬದ ಮೇಲಿನ ಪ್ಯಾಡನ್ನು ಬೆರಳಿಂದ ಜೀನಿನ ಸಂದಿಗೆ ಎತ್ತಿ ಡೇರೆಯಂತೆ ನಿಲ್ಲಿಸಿ. ಕಲಿಯುವ ಮಕ್ಕಳು ಮರೆಯುವುದು ಇದನ್ನೇ, ನಾನು ಕೂಗುವುದೂ ಇದನ್ನೇ. ಅರ್ಧ ಗಂಟೆಗೂ ಮೀರಿ, ಮೈ ಬೆವರುವಷ್ಟು ಓಡಿಸಿ. ಇಳಿದ ಕೂಡಲೇ ಜೀನು ಕೀಳದೆ ಪಟ್ಟಿ ಸಡಿಲಿಸಿ ಸ್ವಲ್ಪ ಹೊತ್ತು ನಡೆಸಿ. ಒತ್ತಿದ ಜಾಗಕ್ಕೆ ರಕ್ತ ನಿಧಾನವಾಗಿ ಮರಳಲಿ ಎಂದು ಹಳೆಯ ಅಶ್ವದಳದವರು ಪಾಲಿಸುತ್ತಿದ್ದ ಪದ್ಧತಿ ಇದು. ಆಮೇಲೆ ತೆಗೆದು ಬೆವರಿನ ಗುರುತು ಓದಿ. ಎರಡೂ ಬದಿ ಸಮನಾಗಿ ತೊಯ್ದು, ಬೆನ್ನುಹುರಿಯ ಗೆರೆ ಒಣಗಿದ್ದರೆ ಚೆನ್ನ. ಸುತ್ತ ತೊಯ್ದು ನಡುವೆ ರೂಪಾಯಿಯಗಲ ಒಣ ಜಾಗವಿದ್ದರೆ ಅಲ್ಲಿ ಒತ್ತಡ ಅತಿಯಾಗಿದೆ, ಇಲ್ಲವೇ ಜೀನು ಅಲ್ಲಿ ತಾಗಿಯೇ ಇಲ್ಲ. ಕೈ ಒತ್ತಿ ಯಾವುದೆಂದು ತಿಳಿಯಿರಿ. ಒಂದು ತಾಸು ಬಿಟ್ಟು ಮತ್ತೊಮ್ಮೆ ತಡವಿ, ಬಾವು ಕೆಲವೊಮ್ಮೆ ಆಮೇಲೆ ಏಳುತ್ತದೆ. ಎದ್ದರೆ ಸವಾರಿ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ.

ಪ್ಯಾಡ್ ಹಿಂದಕ್ಕೆ ಜಾರುತ್ತಿದ್ದರೆ ಪಟ್ಟಿಯನ್ನು ಉಸಿರುಗಟ್ಟುವಂತೆ ಬಿಗಿಯಬೇಡಿ. ಆಕಾರ ತಪ್ಪಿದೆ ಎಂದರ್ಥ.

ತೊಳೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮೃದು ಸೋಪು ಸ್ವಲ್ಪ, ಜಾಲಿಸುವುದು ಬಹಳ, ಸುವಾಸನೆಯ ಕಂಡೀಷನರ್ ಬೇಡವೇ ಬೇಡ. ತುಪ್ಪಟದ ಪ್ಯಾಡನ್ನು ನೆರಳಿನಲ್ಲಿ ಒಣಗಿಸಿ. ಮಳೆಗಾಲದ ಧಾರವಾಡದಲ್ಲಿ ಯಾವುದೂ ಬೇಗ ಒಣಗುವುದಿಲ್ಲ, ಆದ್ದರಿಂದ ಜೂನ್‌ಗೆ ಮುಂಚೆ ಕುದುರೆಯೊಂದಕ್ಕೆ ಕನಿಷ್ಠ ಎರಡು ತೆಳು ಹತ್ತಿ ಪ್ಯಾಡ್ ಇಟ್ಟುಕೊಳ್ಳಿ. ದೀಪಾವಳಿ ಕಳೆದ ಮೇಲೆ ಉತ್ತರಾಣಿಯ ಬೀಜ ತುಪ್ಪಟಕ್ಕೆ ಹೊಕ್ಕರೆ ಬಿಡುವುದಿಲ್ಲ. ಪ್ಯಾಡನ್ನು ನೆಲದ ಮೇಲೆ ಕವುಚಿ ಹಾಕದೆ ಬೆನ್ನಿಗೆ ತಾಗುವ ಬದಿ ಮೇಲಾಗಿ ಗಳುವಿಗೆ ತೂಗುಹಾಕಿ, ಪ್ರತಿ ಸಲ ಹಾಕುವ ಮುಂಚೆ ಅಂಗೈಯಿಂದ ಸವರಿ. ಒಂದು ಕುದುರೆಯ ಪ್ಯಾಡ್ ಇನ್ನೊಂದಕ್ಕೆ ಹಾಕಿದರೆ ಹುಳುಕಡ್ಡಿ ಮನೆಮನೆ ತಿರುಗುತ್ತದೆ, ಮಕ್ಕಳ ಕೈಗೂ ಹತ್ತುತ್ತದೆ. ನಮ್ಮಲ್ಲಿ ಮಲ್ಲಿಗೆಯ ಪ್ಯಾಡುಗಳಿಗೆ ಕೆಂಪು ದಾರ, ಬಾದಶಾನದಕ್ಕೆ ಹಸಿರು. ನಡುವೆ ತೆಳುವಾದ ಫೆಲ್ಟನ್ನು ಜೀನಿನ ಕೆಳಗಿನಿಂದ ನಿವೃತ್ತಿ ಮಾಡಿ, ಕತ್ತರಿಸಿ, ಬಕ್ಕಲ್‌ಗಳ ಕೆಳಗೆ ಇಡುತ್ತೇನೆ. ಉಳಿದ ತುಂಡಿನ ಮೇಲೆ ಈಗ ನಮ್ಮ ಮನೆಯವರ ಸ್ಕೂಟರಿನ ಸೀಟು ಕುಳಿತಿದೆ.